ಒಂದೇ ಗುರಿಯತ್ತ ಎರಡು ತಲೆಮಾರು

ಮಕ್ಕಳು ಚಿಕ್ಕವರಿರುವಾಗ ತಂದೆತಾಯಿಗಳಿಗೂ ಅವರಿಗೂ ನಡುವೆ ಮಾತಿಗೆ ಬರವಿರುವುದಿಲ್ಲ. ಅಕ್ಷರ ತಿದ್ದಿಸುವುದು, ಜಾತ್ರೆಗೆ ಕರೆದೊಯ್ಯುವುದು, ಬಿದ್ದು ಬಂದ ಮೊಣಕಾಲಿಗೆ ಅರಿಸಿನ ಹಚ್ಚುವುದು, ಹೀಗೆ ದಿನವೆಲ್ಲ ಒಂದಲ್ಲ ಒಂದು ನೆಪ. ಅದೇ ಮಕ್ಕಳು ಓದಿ, ಉದ್ಯೋಗ ಹಿಡಿದು, ಬೇರೆ ಊರು ಸೇರಿದ ಮೇಲೆ ಮಾತು ಒಣಗತೊಡಗುತ್ತದೆ. "ಊಟ ಆಯಿತೇ?", "ಮಾತ್ರೆ ತೆಗೆದುಕೊಂಡಿರಾ?", "ಅಲ್ಲಿ ಮಳೆ ಬಂತೇ?" ಎಂಬಷ್ಟರಲ್ಲಿ ವಾರದ ದೂರವಾಣಿ ಸಂಭಾಷಣೆ ಮುಗಿದುಹೋಗುತ್ತದೆ. ಪ್ರೀತಿಗೇನೂ ಕೊರತೆಯಿಲ್ಲ. ಕೂಡಿ ಮಾಡುವ ಕೆಲಸವೊಂದು ಇಲ್ಲವಾಗಿದೆ, ಅಷ್ಟೆ.

ಹಿಂದೆ ಬಿತ್ತನೆ, ರಾಶಿ, ಅಂಗಡಿಯ ವ್ಯಾಪಾರ ಇವೆಲ್ಲ ಅಪ್ಪ ಮಗನನ್ನು, ಅವ್ವ ಮಗಳನ್ನು ಒಂದೆಡೆ ನಿಲ್ಲಿಸುತ್ತಿದ್ದವು. ಕೆಲಸದ ನಡುವೆ ಮಾತು ತಾನಾಗಿ ಹುಟ್ಟುತ್ತಿತ್ತು. ಇಂದು ಆ ಜಾಗವನ್ನು ಯಾವುದಾದರೊಂದು ಹವ್ಯಾಸ ತುಂಬಬೇಕಾಗಿದೆ. ಅಂಥ ಹವ್ಯಾಸಗಳಲ್ಲಿ ನಮ್ಮ ಕುಟುಂಬಗಳು ಅಷ್ಟಾಗಿ ಯೋಚಿಸದಿರುವ ಒಂದನ್ನು ಈ ಲೇಖನದಲ್ಲಿ ಪರಿಚಯಿಸಬಯಸುತ್ತೇವೆ. ಅದು ಗುರಿ ಹೊಡೆಯುವ ಆಟ.

ಬಂದೂಕೇ? ನಮ್ಮ ಮನೆಯಲ್ಲೇ?

ಬಂದೂಕು ಎಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಪ್ರಾಣಿಹಿಂಸೆಯನ್ನು ಹೇಸುವ ಮನೆಗಳಲ್ಲಿ ಈ ಅಳುಕು ಇರಲೇಬೇಕಾದದ್ದು, ಗೌರವಕ್ಕೆ ಪಾತ್ರವಾದದ್ದು. ಆದರೆ ಬೇಟೆ ಬೇರೆ, ಗುರಿಯಾಟ ಬೇರೆ. ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿದ ನೆನಪು ಯಾರಿಗಿಲ್ಲ? ಕಾಲೇಜು ದಿನಗಳಲ್ಲಿ ಎನ್.ಸಿ.ಸಿ. ಸೇರಿ .22 ರೈಫಲ್ ಹಿಡಿದು ನೆಲದ ಮೇಲೆ ಮಲಗಿ ಗುರಿ ಕಂಡ ತಂದೆಯರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಆಟದಲ್ಲಿ ಗುಂಡಿಗೆ ಎದುರಾಗುವುದು ಕಾಗದ ಮಾತ್ರ.

ಆ ಕಾಗದವೂ ಸಾಮಾನ್ಯವಾದುದಲ್ಲ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕ ತರುವ ನಡುಬಿಂದುವಿನ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಅದರತ್ತ ಹೋಗುವ ಸೀಸದ ಗುಂಡು 4.5 ಮಿಲಿಮೀಟರ್. ಎಂದರೆ ಗುಂಡಿಗಿಂತ ಗುರಿಯೇ ಚಿಕ್ಕದು! ಇಂಥ 60 ಗುಂಡುಗಳನ್ನು ಒಂದರ ಹಿಂದೊಂದರಂತೆ, ನಿಂತ ನಿಲುವಿನಲ್ಲಿಯೇ ಹೊಡೆಯಬೇಕು. ಸಿಟ್ಟಿಗೂ ಅವಸರಕ್ಕೂ ಇಲ್ಲಿ ಎಡೆಯಿಲ್ಲ.

ಮೊಮ್ಮಗಳಿಗೆ ಜೊತೆಯಾಗಲು ಹೋದ ಅಜ್ಜಿ

ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಅವರ ಕಥೆಯನ್ನು ಮೊದಲು ಹೇಳಬೇಕು. 1999ರಲ್ಲಿ, ಅರವತ್ತು ದಾಟಿದ ಮೇಲೆ, ಅವರು ಊರಿನ ರೈಫಲ್ ಕ್ಲಬ್ಬಿಗೆ ಹೋದದ್ದು ತಾವು ಕಲಿಯಲೆಂದಲ್ಲ. ಒಬ್ಬಳೇ ಹೋಗಲು ಹಿಂಜರಿದ ಮೊಮ್ಮಗಳಿಗೆ ಜೊತೆಯಾಗಲೆಂದು. ಅಲ್ಲಿ ಕುತೂಹಲಕ್ಕೆ ಪಿಸ್ತೂಲು ಎತ್ತಿ ಹೊಡೆದರು, ಗುಂಡು ಗುರಿ ಸೇರಿತು. ತರಬೇತುದಾರರು ಬೆರಗಾಗಿ, "ನೀವೂ ಬನ್ನಿ" ಎಂದರು. ಮುಸುಕು ಹಾಕುವ ಮನೆತನದ ಹೆಣ್ಣುಮಗಳು ಪುರುಷರ ಕಣ್ಣು ತಪ್ಪಿಸಿ, ನೀರು ತುಂಬಿದ ಪಾತ್ರೆಯನ್ನು ಚಾಚಿದ ಕೈಯಲ್ಲಿ ಹಿಡಿದು ನಿಂತು ತೋಳನ್ನು ಪಳಗಿಸಿಕೊಂಡರು. ಅವರ ಹಿಂದೆ ಓರಗಿತ್ತಿ ಪ್ರಕಾಶಿ ತೋಮರ್ ಅವರೂ ಬಂದರು. ಹಿರಿಯರ ವಿಭಾಗದಲ್ಲಿ ಇಬ್ಬರೂ ಪದಕಗಳನ್ನು ಗಳಿಸಿದರು.

ಪ್ರಕಾಶಿಯವರ ಮಗಳು ಸೀಮಾ ತೋಮರ್ 2010ರಲ್ಲಿ ಟ್ರ್ಯಾಪ್ ವಿಭಾಗದ ವಿಶ್ವಕಪ್ ಬೆಳ್ಳಿ ಪದಕ ಗೆದ್ದರು. ಚಂದ್ರೋ ಅವರು 2021ರ ಏಪ್ರಿಲಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಪದಕಗಳಿಗಿಂತ ನಮಗೆ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಆ ಮನೆಯಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರಿಗೂ ಆಡಲು ಒಂದೇ ಮಾತಿತ್ತು.

ಅಪ್ಪನ ಹಾದಿ ಹಿಡಿದವರು

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ತಂದೆ ಸ್ವತಃ ಪಿಸ್ತೂಲು ಗುರಿಕಾರರು. ಮಗ ಸಾಫ್ಟ್‌ವೇರ್ ಉದ್ಯೋಗದ ಮೇಲೆ ಕೆನಡಾ ಸೇರಿದ್ದರು. ತಂದೆಯ ಒತ್ತಾಸೆಯಿಂದ ತಾಯ್ನಾಡಿಗೆ ಮರಳಿ, ಮೂವತ್ತರ ವಯಸ್ಸು ಕಳೆದ ಮೇಲೆ ಪೂರ್ಣಪ್ರಮಾಣದಲ್ಲಿ ಅಭ್ಯಾಸಕ್ಕೆ ತೊಡಗಿದರು. 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು ಪಡೆದರು. ಅದೇ ವರ್ಷ ಸ್ಪೇನಿನಲ್ಲಿ ಸ್ಪರ್ಧೆಗೆಂದು ಹೋದಾಗ ಮುಖದ ಒಂದು ಬದಿ ಪಾರ್ಶ್ವವಾಯುವಿಗೆ ತುತ್ತಾಯಿತು. ಆದರೂ ಕೈಬಿಡದೆ ಮುಂದಿನ ವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಬೆಳೆದ ಮಗನನ್ನು ತಂದೆಯೊಬ್ಬರು ತಮ್ಮ ಆಟದ ಅಂಗಳಕ್ಕೆ ಮರಳಿ ಕರೆತಂದ ಬಗೆ ಇದು.

ಬಿಕಾನೇರಿನ ಮಹಾರಾಜ ಕರಣಿ ಸಿಂಗ್ ಅವರು 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದವರು. 1961ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 1968ರಲ್ಲಿ ಅದೇ ಪ್ರಶಸ್ತಿ ಅವರ ಮಗಳು ರಾಜ್ಯಶ್ರೀ ಕುಮಾರಿಯವರಿಗೆ ಸಂದಿತು. ರಣಧೀರ್ ಸಿಂಗ್ 1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಟ್ರ್ಯಾಪ್ ವಿಭಾಗದಲ್ಲಿ ಚಿನ್ನ ಗೆದ್ದವರು. ಅವರ ಮಗಳು ರಾಜೇಶ್ವರಿ ಕುಮಾರಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ವಿಭಾಗದಲ್ಲಿ ಸ್ಪರ್ಧಿಸಿದರು.

ಹೊರದೇಶಗಳ ಎರಡು ಉದಾಹರಣೆಗಳು ಇನ್ನೂ ಸ್ವಾರಸ್ಯಕರ. ಸ್ವೀಡನ್ನಿನ ಆಸ್ಕರ್ ಸ್ವಾನ್ 1908ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅರವತ್ತು ವರ್ಷದವರು. ಓಡುವ ಜಿಂಕೆಯಾಕಾರದ ಗುರಿಫಲಕವನ್ನು ಹೊಡೆಯುವ ತಂಡ ಸ್ಪರ್ಧೆಯಲ್ಲಿ ಮಗ ಆಲ್ಫ್ರೆಡ್ ಜೊತೆ ನಿಂತು ಚಿನ್ನ ಗೆದ್ದರು. 1912ರಲ್ಲಿ ಅಪ್ಪ ಮಗ ಮತ್ತೊಮ್ಮೆ ಚಿನ್ನ ತಂದರು. 1920ರಲ್ಲಿ ಆ್ಯಂಟ್‌ವರ್ಪ್‌ನಲ್ಲಿ ಇಬ್ಬರೂ ಕೂಡಿ ಬೆಳ್ಳಿ ಪಡೆದಾಗ ತಂದೆಗೆ 72 ವರ್ಷ. ಒಲಿಂಪಿಕ್ ಆಟಗಳಲ್ಲಿ ಅಷ್ಟು ವಯಸ್ಸಿನಲ್ಲಿ ಪದಕ ಪಡೆದ ಕ್ರೀಡಾಪಟು ಬೇರೊಬ್ಬರಿಲ್ಲ.

ಇನ್ನು ಜಾರ್ಜಿಯಾದ ನಿನೋ ಸಾಲುಕ್ವಾಡ್ಜೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಈ ತಾಯಿಗೆ ಪಿಸ್ತೂಲು ಹಿಡಿಯುವುದನ್ನು ಕಲಿಸಿದವರು ಅವರ ತಂದೆಯೇ. 2016ರಲ್ಲಿ ರಿಯೋ ನಗರಕ್ಕೆ ಅವರು ಮಗನೊಡನೆ ಬಂದರು. ತಾಯಿ ಮಗ ಇಬ್ಬರೂ ಒಂದೇ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಅದೇ ಮೊದಲು. 2024ರಲ್ಲಿ ಪ್ಯಾರಿಸ್‌ನದು ಅವರ ಹತ್ತನೆಯ ಒಲಿಂಪಿಕ್ಸ್.

ಕೊಡಗಿನ ತೆಂಗಿನಕಾಯಿ

ದೂರ ಹೋಗುವುದೇಕೆ? ಇಡೀ ಕುಟುಂಬವೇ ಗುರಿಯಾಟಕ್ಕೆ ಇಳಿಯುವುದನ್ನು ನೋಡಬೇಕಾದರೆ ನಮ್ಮ ಕೊಡಗಿಗೆ ಹೋಗಬೇಕು. ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಕೊಡವರ ಆಯುಧಪೂಜೆಯ ಹಬ್ಬ. ಭತ್ತದ ನಾಟಿ ಮುಗಿಯುವವರೆಗೆ ಒಳಗಿಟ್ಟಿದ್ದ ಕೋವಿಯನ್ನು ಅಂದು ಹೊರತೆಗೆದು, ಒರೆಸಿ, ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಊಟದ ಬಳಿಕ ಬಯಲಿನಲ್ಲಿ ಸೇರಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಿಂದೆ ಇದು ಗಂಡಸರ ಆಟವಾಗಿತ್ತು. ಈಗ ಹೆಣ್ಣುಮಕ್ಕಳೂ ಸರತಿಯಲ್ಲಿ ನಿಲ್ಲುತ್ತಾರೆ. ಬೆಂಗಳೂರಿನಿಂದ ರಜೆ ಹಾಕಿ ಬಂದ ಮಗಳು ಕಾಯಿ ಒಡೆದರೆ, ಒಡೆಯಲಾಗದ ಅಪ್ಪನಿಗೇ ಹೆಚ್ಚು ಸಂತೋಷ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕೋವಿಯಿದ್ದರೂ ಅದು ಪೂಜೆಯ ವಸ್ತು, ಹಿರಿಯರ ಅಪ್ಪಣೆಯಿಲ್ಲದೆ ಮುಟ್ಟತಕ್ಕದ್ದಲ್ಲ ಎಂಬ ಕಟ್ಟುಪಾಡು ಅಲ್ಲಿ ಆಟಕ್ಕಿಂತ ಹಳೆಯದು. ನಾವು ಕಲಿಯಬೇಕಾದದ್ದು ಆ ಕಟ್ಟುಪಾಡನ್ನೇ.

ಈ ಆಟ ಹತ್ತಿರ ತರುವುದೇಕೆ?

ಓಟದಲ್ಲಿ, ಚೆಂಡಾಟದಲ್ಲಿ ಇಪ್ಪತ್ತೈದರ ಮಗನೆದುರು ಐವತ್ತೈದರ ತಂದೆ ಸೋಲಲೇಬೇಕು. ಇಲ್ಲಿ ಹಾಗಲ್ಲ. ಬೇಕಾದುದು ತೋಳಿನ ಬಲಕ್ಕಿಂತ ನಿಲುವಿನ ಸ್ಥಿರತೆ. ಉಸಿರು ಅರ್ಧ ಬಿಟ್ಟು, ಎದೆ ನಿಶ್ಚಲವಾಗುವ ಕೆಲವೇ ಕ್ಷಣಗಳಲ್ಲಿ, ತನಗೇ ತಿಳಿಯದಷ್ಟು ಮೆಲ್ಲಗೆ ಬೆರಳು ಒತ್ತಬೇಕು. ತಾಳ್ಮೆ ಹಿರಿಯರ ಪಾಲಿನ ಬಂಡವಾಳ. ಕಣ್ಣಿನ ಚುರುಕು ಕಿರಿಯರದು. ವಯಸ್ಸಾದಂತೆ ಹತ್ತಿರದ ವಸ್ತು ಮಸುಕಾಗುವುದರಿಂದ ಬಂದೂಕಿನ ಮುಂತುದಿಯ ಗುರಿಗೂಟ ಹಿರಿಯರಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕೆ ತಕ್ಕ ಕನ್ನಡಕ ಉಂಟು. ಹೀಗೆ ಎರಡು ತಲೆಮಾರು ಸರಿಸಮವಾಗಿ ನಿಲ್ಲಬಲ್ಲ ಆಟಗಳು ವಿರಳ.

ಎರಡನೆಯದಾಗಿ, ಇಲ್ಲಿ ಮಕ್ಕಳೇ ಗುರುಗಳಾಗುವ ಅವಕಾಶವಿದೆ. "ಅಪ್ಪಾ, ಗುರಿಫಲಕ ನೋಡಬೇಡಿ, ಮುಂತುದಿಯನ್ನು ನೋಡಿ" ಎಂದು ಮಗಳು ಹೇಳಿದಾಗ ಅಪ್ಪ ಅದನ್ನು ಕೇಳಲೇಬೇಕು. ಕೇಳದಿದ್ದರೆ ಕಾಗದವೇ ಸಾಕ್ಷಿ ಹೇಳುತ್ತದೆ! ಮಗಳ ಮಾತಿಗೆ ಒಮ್ಮೆ ಇಲ್ಲಿ ಕಿವಿಗೊಟ್ಟ ತಂದೆ, ನಾಳೆ ಅವಳ ಉದ್ಯೋಗದ, ಮದುವೆಯ ವಿಚಾರದಲ್ಲಿಯೂ ಕಿವಿಗೊಡುವುದು ಸುಲಭವಾಗುತ್ತದೆ.

ಮೂರನೆಯದು ಮೌನ. ಅಕ್ಕಪಕ್ಕ ನಿಂತು, ಒಂದೇ ದಿಕ್ಕಿಗೆ ನೋಡುತ್ತ, ಗಂಟೆಗಟ್ಟಲೆ ಮಾತಿಲ್ಲದೆ ಕಳೆಯಬಹುದು. ಎದುರುಬದುರು ಕುಳಿತಾಗ ಬಾಯಿಗೆ ಬಾರದ ಮಾತು, ಹೊಡೆದ ಕಾಗದಗಳನ್ನು ಮಡಚುತ್ತ ಮನೆಗೆ ಹಿಂದಿರುಗುವಾಗ ತಾನಾಗಿ ಬರುತ್ತದೆ.

ಮರೆಯಬಾರದ ನಿಯಮಗಳು

ಹವ್ಯಾಸ ಒಳ್ಳೆಯದೆಂದು ಎಚ್ಚರ ತಪ್ಪಬಾರದು. ಕುಟುಂಬಕ್ಕೆ ಯೋಗ್ಯವಾದುದು ಏರ್ ರೈಫಲ್ ಅಥವಾ ಏರ್ ಪಿಸ್ತೂಲು. ನಿಯಮಗಳು ಹೇಳುವ ಶಕ್ತಿಯ ಮಿತಿಯೊಳಗಿನ 4.5 ಮಿ.ಮೀ. ಗಾಳಿಬಂದೂಕಿಗೆ ಪರವಾನಗಿ ಬೇಕಿಲ್ಲ. ಮದ್ದಿನ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಕಡ್ಡಾಯ, ಅದಕ್ಕೆ 21 ವರ್ಷ ತುಂಬಿರಬೇಕು. ಕೊಳ್ಳುವ ಮೊದಲು ತರಬೇತುದಾರರಿರುವ ರೇಂಜಿಗೆ ಹೋಗಿ, ಅಲ್ಲಿಯ ಸಲಕರಣೆಯಲ್ಲೇ ಕೆಲವು ತಿಂಗಳು ಕಲಿಯುವುದು ಲೇಸು. ಹಣವೂ ಉಳಿಯುತ್ತದೆ, ಆಸಕ್ತಿ ನಿಜವೋ ಅಲ್ಲವೋ ಎಂಬುದೂ ತಿಳಿಯುತ್ತದೆ.

ಯಾವ ಬಂದೂಕನ್ನೂ ಗುಂಡು ತುಂಬಿದೆ ಎಂದೇ ಭಾವಿಸಬೇಕು. ಅದರ ಬಾಯಿ ಎಂದೂ ಮನುಷ್ಯರತ್ತ ತಿರುಗಕೂಡದು. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯ ಮೇಲೆ ಹೋಗಕೂಡದು. ಗುರಿಯ ಹಿಂದೆ ಏನಿದೆ ಎಂಬುದು ತಿಳಿದಿರಬೇಕು. ಗುಂಡು ಸೀಸದ್ದಾದ್ದರಿಂದ ಅಭ್ಯಾಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಹಿತ್ತಿಲ ಹಕ್ಕಿಗೆ ಗುರಿಯಿಡುವುದು ಆಟವಲ್ಲ. ಅದು ಪಾಪವೂ ಹೌದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧವೂ ಹೌದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಮನೆಯಲ್ಲಿ ಕುಡಿತವಿದ್ದರೆ, ಜಗಳವಿದ್ದರೆ, ಯಾರ ಮನಸ್ಸಾದರೂ ಖಿನ್ನತೆಯಲ್ಲಿ ಮುಳುಗಿದ್ದರೆ, ಅಂಥ ಮನೆಯೊಳಗೆ ಯಾವ ಬಂದೂಕೂ ಕಾಲಿಡಬಾರದು. ಮುರಿದ ಸಂಬಂಧವನ್ನು ಬೆಸೆಯಲು ಇದು ಔಷಧವಲ್ಲ. ಇರುವ ಸಂಬಂಧವನ್ನು ಹಸಿಯಾಗಿಡುವ ನೀರು ಮಾತ್ರ. ಬೀಗದ ಪೆಟ್ಟಿಗೆ ಇಲ್ಲದವರು ಬಂದೂಕನ್ನು ಮನೆಗೆ ತರದೆ ರೇಂಜಿನಲ್ಲೇ ಬಿಟ್ಟು ಬರುವುದು ಉತ್ತಮ.

ಎಲ್ಲರಿಗೂ ಈ ಆಟವೇ ಹಿಡಿಸಬೇಕೆಂದಿಲ್ಲ. ಕೆಲವರಿಗೆ ಬಿಲ್ಲುಬಾಣ ಒಪ್ಪೀತು, ಕೆಲವರಿಗೆ ಕೇರಂ ಹಲಗೆಯೇ ಸಾಕಾದೀತು. ತಂದೆತಾಯಿಗಳು ಮಕ್ಕಳಿಗಾಗಿ ದುಡಿದದ್ದು ಸಾಕಷ್ಟಾಯಿತು. ಇನ್ನು ಮಕ್ಕಳೊಡನೆ ಆಡಬೇಕು. ಮಕ್ಕಳೂ ಅಷ್ಟೆ, ಹಬ್ಬಕ್ಕೆ ಸೀರೆ ಪಂಚೆ ಕಳಿಸಿ ಋಣ ತೀರಿತೆಂದು ಕೂಡದೆ ತಿಂಗಳಿಗೊಂದು ಭಾನುವಾರವನ್ನು ಹಿರಿಯರೊಡನೆ ಕಳೆಯಲು ಮೀಸಲಿಡಬೇಕು. ಬರುವ ಭಾನುವಾರದಿಂದಲೇ ಅದು ಆರಂಭವಾಗಲಿ ಎಂದು ಹಾರೈಸುತ್ತೇವೆ.