ಇಂಗಲ್‌ವುಡ್ ನಗರದ ಜನಮತ, ೨೦೦೪: ಒಂದು ಮಹಾಮಳಿಗೆಯ ವಿರೋಧವೂ ಜನೋಪಕ್ರಮದ ಹಕ್ಕೂ

೨೦೦೪ನೆಯ ಇಸವಿ ಏಪ್ರಿಲ್ ೬ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಇಂಗಲ್‌ವುಡ್ ಎಂಬ ನಗರದಲ್ಲಿ ಒಂದು ಮತದಾನ ನಡೆಯಿತು. ಅಲ್ಲಿನ ಪೌರರು ಉತ್ತರ ಕೊಡಬೇಕಾಗಿದ್ದ ಪ್ರಶ್ನೆ ಒಂದು ಅಂಗಡಿಯನ್ನು ಕುರಿತದ್ದು. ವಾಲ್‌ಮಾರ್ಟ್ ಕಂಪೆನಿಯು ನಗರದ ಅರವತ್ತು ಎಕರೆ ನೆಲದಲ್ಲಿ ಮಹಾಮಳಿಗೆಯೊಂದನ್ನೂ ಅದರ ಸುತ್ತಲೂ ಇತರ ವ್ಯಾಪಾರ ಕಟ್ಟಡಗಳನ್ನೂ ನಿರ್ಮಿಸಲು ಉದ್ದೇಶಿಸಿತ್ತು. ಮತದಾರರು ಈ ಯೋಜನೆಯನ್ನು ತಿರಸ್ಕರಿಸಿದರು. ಮೇಲುನೋಟಕ್ಕೆ ಇದು ಒಂದು ಊರಿನ ಕೇರಿಗಳಲ್ಲಿ ಹುಟ್ಟಿ ಅಲ್ಲಿಯೇ ಮುಗಿದ ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಅದರ ಒಳಗೆ ಪ್ರಜಾಪ್ರಭುತ್ವದ ಇತಿಹಾಸವನ್ನು ಓದುವವರೆಲ್ಲ ಗಮನಿಸಬೇಕಾದ ಪ್ರಶ್ನೆಯೊಂದು ಅಡಗಿದೆ. ಜನರ ಕೈಗೆಂದು ರೂಪಿಸಿದ ಸಾಧನವೊಂದು ಬೇರೆಯವರ ಕೈಗೆ ಸೇರಿದಾಗ ಅದನ್ನು ಜನಮತವೆಂದು ಕರೆಯಬಹುದೆ ಎಂಬುದೇ ಆ ಪ್ರಶ್ನೆ. ಈ ಲೇಖನದಲ್ಲಿ ಅದನ್ನು ಪರಿಶೀಲಿಸಲು ಪ್ರಯತ್ನಿಸಲಾಗಿದೆ.

ಮೊದಲು ಇಂಥ ಮಳಿಗೆಗಳ ಹುಟ್ಟನ್ನು ತಿಳಿಯುವುದು ಅವಶ್ಯಕ. ೧೯೬೨ನೆಯ ವರ್ಷ ಅಮೆರಿಕದ ಚಿಲ್ಲರೆ ವ್ಯಾಪಾರದ ಇತಿಹಾಸದಲ್ಲಿ ಒಂದು ಗಡಿಗಲ್ಲು. ಆ ಒಂದೇ ವರ್ಷದಲ್ಲಿ ಮಿಷಿಗನ್ ರಾಜ್ಯದಲ್ಲಿ ಕೆಮಾರ್ಟ್, ಮಿನ್ನೆಸೋಟದಲ್ಲಿ ಟಾರ್ಗೆಟ್, ಆರ್ಕನ್ಸಾದ ರಾಜರ್ಸ್ ಎಂಬ ಊರಿನಲ್ಲಿ ವಾಲ್‌ಮಾರ್ಟ್, ಹೀಗೆ ಮೂರು ಸಂಸ್ಥೆಗಳ ಮೊದಲ ಅಂಗಡಿಗಳು ತೆರೆದವು. ಊರ ಹೊರಗಿನ ಅಗ್ಗದ ನೆಲ, ಒಂದೇ ಅಂತಸ್ತಿನ ವಿಶಾಲವಾದ ಕಟ್ಟಡ, ಅದರ ಮುಂದೆ ಮೋಟಾರುಗಳನ್ನು ನಿಲ್ಲಿಸಲು ಬಯಲು, ರಾಶಿ ರಾಶಿಯಾಗಿ ಕೊಂಡು ಕಡಿಮೆ ಲಾಭಕ್ಕೆ ಮಾರುವ ಪದ್ಧತಿ: ಇವು ಈ ಮಳಿಗೆಗಳ ಲಕ್ಷಣಗಳು. ಕಟ್ಟಡದ ಆಕಾರದಿಂದಾಗಿಯೇ ಜನರು ಇವನ್ನು ‘ಬಿಗ್ ಬಾಕ್ಸ್’, ಅಂದರೆ ದೊಡ್ಡ ಪೆಟ್ಟಿಗೆ ಎಂದು ಕರೆದರು. ೧೯೮೮ರಲ್ಲಿ ವಾಲ್‌ಮಾರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಟ್ಟೆಬರೆ, ಗೃಹೋಪಯೋಗಿ ವಸ್ತುಗಳ ಜೊತೆಗೆ ದಿನಸಿ, ಹಣ್ಣು, ತರಕಾರಿ, ಮಾಂಸಗಳನ್ನೂ ಒಂದೇ ಸೂರಿನಡಿ ಮಾರುವ ‘ಸೂಪರ್‌ಸೆಂಟರ್’ ಎಂಬ ಮಾದರಿಯನ್ನು ಮಿಸೌರಿ ರಾಜ್ಯದಲ್ಲಿ ಆರಂಭಿಸಿತು. ೨೦೦೨ರಲ್ಲಿ ಇಂಥ ನಲವತ್ತು ಮಳಿಗೆಗಳನ್ನು ಕ್ಯಾಲಿಫೋರ್ನಿಯದಲ್ಲಿ ತೆರೆಯುವುದಾಗಿ ಕಂಪೆನಿಯು ಪ್ರಕಟಿಸಿತು. ಅವುಗಳ ಪೈಕಿ ಒಂದಕ್ಕೆ ಇಂಗಲ್‌ವುಡ್ ನಗರವನ್ನು ಆರಿಸಲಾಯಿತು.

ಇಂಗಲ್‌ವುಡ್ ಲಾಸ್ ಏಂಜಲಿಸ್ ನಗರದ ನೈಋತ್ಯಕ್ಕೆ, ವಿಮಾನ ನಿಲ್ದಾಣದ ಸಮೀಪದಲ್ಲಿದೆ. ೨೦೦೦ದ ಜನಗಣತಿಯಲ್ಲಿ ಇಲ್ಲಿದ್ದವರ ಸಂಖ್ಯೆ ಸುಮಾರು ೧,೧೨,೦೦೦. ನಿವಾಸಿಗಳಲ್ಲಿ ಬಹುಮಂದಿ ಆಫ್ರಿಕನ್ ಮೂಲದವರು ಮತ್ತು ಲ್ಯಾಟಿನ್ ಅಮೆರಿಕದ ಮೂಲದವರು. ಯೋಜಿತ ನೆಲವು ಹಾಲಿವುಡ್ ಪಾರ್ಕ್ ಎಂಬ ಕುದುರೆ ಪಂದ್ಯದ ಮೈದಾನಕ್ಕೂ ಫೋರಂ ಎಂಬ ಪ್ರಸಿದ್ಧ ಕ್ರೀಡಾಮಂದಿರಕ್ಕೂ ನಡುವೆ ಇತ್ತು. ಅಲ್ಲಿ ಮಳಿಗೆ ಬರಬೇಕೆಂದು ಬಯಸಿದವರು ಕಡಿಮೆ ಇರಲಿಲ್ಲ; ಮೇಯರ್ ರೂಸ್‌ವೆಲ್ಟ್ ಡಾರ್ನ್ ಅವರೇ ಅದರ ಪಕ್ಷದಲ್ಲಿದ್ದರು. ಕೆಲಸ ಸಿಗುತ್ತದೆ, ಸಾಮಾನು ಅಗ್ಗವಾಗುತ್ತದೆ, ನಗರದ ಬೊಕ್ಕಸ ತುಂಬುತ್ತದೆ ಎಂಬುದು ಅವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೂರದ ಊರಿಗೆ ಹೋಗಿ ಕೊಳ್ಳುವ ಬಡ ಕುಟುಂಬಕ್ಕೆ ಅಗ್ಗದ ಅಂಗಡಿಯೊಂದು ಹತ್ತಿರವಾಗುವುದು ಸಣ್ಣ ಲಾಭವೇನೂ ಅಲ್ಲ.

ಬೊಕ್ಕಸದ ವಿಷಯವಾಗಿ ಒಂದು ಮಾತು ಹೇಳಬೇಕು. ೧೯೭೮ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ‘ಪ್ರೊಪೊಸಿಷನ್ ೧೩’ ಎಂಬ ತಿದ್ದುಪಡಿಯನ್ನು ಅಂಗೀಕರಿಸಿ, ಆಸ್ತಿ ತೆರಿಗೆಯನ್ನು ನಿರ್ಧರಿತ ಬೆಲೆಯ ಶೇಕಡ ೧ಕ್ಕೆ ಮಿತಿಗೊಳಿಸಿದರು. ತತ್ಪರಿಣಾಮವಾಗಿ ನಗರಗಳು ಮಾರಾಟ ತೆರಿಗೆಯಲ್ಲಿ ತಮಗೆ ಸಲ್ಲುವ ಪಾಲನ್ನೇ ಹೆಚ್ಚಾಗಿ ನೆಚ್ಚಬೇಕಾಯಿತು. ಮನೆಗಳಿಗಿಂತ ಮಳಿಗೆಗಳು ನಗರಸಭೆಗಳಿಗೆ ಪ್ರಿಯವಾದುದು ಈ ಕಾರಣದಿಂದ. ಆದರೆ ಮನೆಗೆ ಕೊಂಡೊಯ್ಯುವ ಆಹಾರ ಪದಾರ್ಥಗಳ ಮೇಲೆ ಅಲ್ಲಿ ಮಾರಾಟ ತೆರಿಗೆ ಇಲ್ಲ. ಆದ್ದರಿಂದ ಮಹಾಮಳಿಗೆಯ ದಿನಸಿ ವಿಭಾಗವು ನಗರಕ್ಕೆ ತೆರಿಗೆಯನ್ನು ತರದೆ, ಇರುವ ದಿನಸಿ ಅಂಗಡಿಗಳ ವ್ಯಾಪಾರವನ್ನು ಮಾತ್ರ ಸೆಳೆಯುತ್ತದೆಂಬುದು ವಿರೋಧಿಗಳ ಆಕ್ಷೇಪವಾಗಿತ್ತು. ೨೦೦೨ರಲ್ಲಿ ಇಂಗಲ್‌ವುಡ್ ನಗರಸಭೆಯು ೧,೫೫,೦೦೦ ಚದರ ಅಡಿಗಳಿಗಿಂತ ದೊಡ್ಡದಾಗಿದ್ದು, ತೆರಿಗೆಯಿಲ್ಲದ ೨೦,೦೦೦ಕ್ಕಿಂತ ಹೆಚ್ಚು ಬಗೆಯ ಸರಕುಗಳನ್ನು ಮಾರುವ ಅಂಗಡಿಗಳನ್ನು ನಿಷೇಧಿಸಿದ್ದರ ಹಿಂದೆ ಇದ್ದುದು ಇದೇ ತರ್ಕ. ಕಂಪೆನಿಯು ಅದರ ವಿರುದ್ಧ ಸಹಿಗಳನ್ನು ಸಂಗ್ರಹಿಸಿ, ನ್ಯಾಯಾಲಯಕ್ಕೆ ಹೋಗುವುದಾಗಿಯೂ ಎಚ್ಚರಿಸಿದ ಮೇಲೆ ನಗರಸಭೆಯು ಆ ನಿಷೇಧವನ್ನು ಹಿಂತೆಗೆದುಕೊಂಡಿತು.

ಇನ್ನು ಕಂಪೆನಿಯು ಅನುಸರಿಸಿದ ಮಾರ್ಗವನ್ನು ನೋಡೋಣ. ಕ್ಯಾಲಿಫೋರ್ನಿಯದ ಸಂವಿಧಾನದಲ್ಲಿ ‘ಇನಿಷಿಯೇಟಿವ್’ ಎಂಬ ಹಕ್ಕು ಉಂಟು. ನಿಗದಿಯಾದಷ್ಟು ಮತದಾರರು ಸಹಿ ಹಾಕಿದರೆ ಶಾಸನದ ಕರಡೊಂದನ್ನು ಜನರೇ ನೇರವಾಗಿ ಮುಂದಿಡಬಹುದು. ಇದನ್ನು ಜನೋಪಕ್ರಮ ಎಂದು ಕರೆಯೋಣ. ಭಾರತದ ಸಂವಿಧಾನದಲ್ಲಿ ಇಂಥ ಏರ್ಪಾಡು ಇಲ್ಲದಿರುವುದರಿಂದ ನಮ್ಮ ವಿದ್ಯಾರ್ಥಿಗಳು ಇದರ ಹಿನ್ನೆಲೆಯನ್ನು ವಿಶೇಷವಾಗಿ ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪೆನಿಯ ಪ್ರಭಾವವು ಆ ರಾಜ್ಯದ ಶಾಸನಸಭೆಯನ್ನು ಆವರಿಸಿತ್ತು. ಅದನ್ನು ಮುರಿಯುವ ಸಂಕಲ್ಪದಿಂದ ೧೯೧೦ರಲ್ಲಿ ಗವರ್ನರಾಗಿ ಆಯ್ಕೆಯಾದ ಹೈರಂ ಜಾನ್ಸನ್, ಮರುವರ್ಷವೇ ಜನೋಪಕ್ರಮ, ಜನಮತಗಣನೆ ಮತ್ತು ಅಧಿಕಾರಿಗಳನ್ನು ಹಿಂದಕ್ಕೆ ಕರೆಯುವ ಹಕ್ಕು, ಈ ಮೂರನ್ನೂ ಮತದಾರರ ಮುಂದಿರಿಸಿದರು. ೧೯೧೧ರ ಅಕ್ಟೋಬರ್ ೧೦ರಂದು ಅವು ಅಂಗೀಕೃತವಾದವು. ಅದೇ ದಿನ ಆ ರಾಜ್ಯದ ಮಹಿಳೆಯರಿಗೂ ಮತಾಧಿಕಾರ ದೊರೆಯಿತು. ಒಂದು ಕಂಪೆನಿಯ ಹಿಡಿತದಿಂದ ಜನರನ್ನು ಬಿಡಿಸಲು ಹುಟ್ಟಿದ ಈ ಹಕ್ಕನ್ನು ತೊಂಬತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಮತ್ತೊಂದು ಕಂಪೆನಿಯೇ ಬಳಸಿದ್ದು ಇತಿಹಾಸದ ವಿಪರ್ಯಾಸ.

ಕಂಪೆನಿಯ ಪರವಾಗಿ ಮುಂದಿಟ್ಟ ಕರಡು ೭೧ ಪುಟಗಳಷ್ಟು ದೀರ್ಘವಾಗಿತ್ತು. ಅದರಲ್ಲಿ ಮಳಿಗೆಗೆ ಅನುಮತಿ ಕೇಳಿದ್ದು ಮಾತ್ರವಲ್ಲ. ನಗರದ ವಲಯ ನಿಬಂಧನೆಗಳು, ಯೋಜನಾ ಸಮಿತಿಯ ವಿಚಾರಣೆ, ಸಾರ್ವಜನಿಕರ ಅಹವಾಲು, ೧೯೭೦ರ ಪರಿಸರ ಶಾಸನದಂತೆ ನಡೆಯಬೇಕಾದ ಪರಿಶೀಲನೆ ಇವು ಯಾವುವೂ ಆ ಅರವತ್ತು ಎಕರೆಗಳಿಗೆ ಅನ್ವಯಿಸದಂತೆ ಅದನ್ನು ಹೆಣೆಯಲಾಗಿತ್ತು. ಅಂಗೀಕಾರಕ್ಕೆ ಸರಳ ಬಹುಮತ ಸಾಕು. ಒಮ್ಮೆ ಅಂಗೀಕೃತವಾದರೆ ಬದಲಾಯಿಸಲು ಮತದಾರರ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆ ಬೇಕು. ರಸ್ತೆಯಲ್ಲಿ ವಾಹನಗಳು ಎಷ್ಟು ಹೆಚ್ಚುತ್ತವೆ, ನೀರು ಎಲ್ಲಿ ಹರಿಯಬೇಕು, ನೆರೆಹೊರೆಯ ಮನೆಗಳ ಮೇಲೆ ಆಗುವ ಪರಿಣಾಮವೇನು ಎಂದು ವಿಚಾರಿಸುವ ಅವಕಾಶವನ್ನು ಹೀಗೆ ನಗರವು ತಾನಾಗಿಯೇ ಬಿಟ್ಟುಕೊಡಬೇಕಾಗಿತ್ತು.

ವಿರೋಧವು ಹಲವು ಕಡೆಗಳಿಂದ ಒಟ್ಟುಗೂಡಿತು. ನಿವಾಸಿಗಳು, ಚರ್ಚುಗಳ ಧರ್ಮೋಪದೇಶಕರು, ಸಣ್ಣ ವ್ಯಾಪಾರಿಗಳು, ದಿನಸಿ ಅಂಗಡಿಗಳ ಕಾರ್ಮಿಕ ಸಂಘದವರು ಸೇರಿ ‘ಕೊಯಲಿಷನ್ ಫಾರ್ ಎ ಬೆಟರ್ ಇಂಗಲ್‌ವುಡ್’ ಎಂಬ ಕೂಟವನ್ನು ಕಟ್ಟಿಕೊಂಡರು. ಕಾಂಗ್ರೆಸ್ ಸದಸ್ಯೆ ಮ್ಯಾಕ್ಸಿನ್ ವಾಟರ್ಸ್, ನಾಗರಿಕ ಹಕ್ಕುಗಳ ನಾಯಕ ಜೆಸ್ಸಿ ಜ್ಯಾಕ್‌ಸನ್ ಇವರ ಬೆಂಬಲವೂ ದೊರಕಿತು. ಕಾಲವೂ ಅವರಿಗೆ ಅನುಕೂಲವಾಗಿ ಒದಗಿತು. ೨೦೦೩ರ ಅಕ್ಟೋಬರಿನಿಂದ ೨೦೦೪ರ ಫೆಬ್ರವರಿಯವರೆಗೆ ದಕ್ಷಿಣ ಕ್ಯಾಲಿಫೋರ್ನಿಯದ ದೊಡ್ಡ ದಿನಸಿ ಅಂಗಡಿಗಳ ಕೆಲಸಗಾರರು ಮುಷ್ಕರದಲ್ಲಿಯೂ ಬೀಗಮುದ್ರೆಯಲ್ಲಿಯೂ ಸಿಕ್ಕಿ ನಾಲ್ಕು ತಿಂಗಳಿಗೂ ಮೇಲೆ ಕಷ್ಟಪಟ್ಟಿದ್ದರು. ವಾಲ್‌ಮಾರ್ಟಿನ ಪೈಪೋಟಿಯನ್ನು ಎದುರಿಸಬೇಕಾಗಿದೆಯೆಂಬ ಕಾರಣವನ್ನು ಮುಂದೊಡ್ಡಿಯೇ ಮಾಲೀಕರು ಕೆಲಸಗಾರರ ಆರೋಗ್ಯ ಸೌಲಭ್ಯಗಳನ್ನು ಕಡಿತಗೊಳಿಸಲು ಹೊರಟಿದ್ದರು. ಹೀಗಾಗಿ ಕೂಲಿಯ ಪ್ರಶ್ನೆ ಇಂಗಲ್‌ವುಡ್ಡಿನ ಮನೆಗಳಿಗೆ ಹೊಸದಾಗಿರಲಿಲ್ಲ.

ಆದರೂ ಫಲಿತಾಂಶವನ್ನು ನಿರ್ಧರಿಸಿದ್ದು ಕೂಲಿಯ ವಾದವೊಂದೇ ಎಂದು ಹೇಳುವುದು ಸರಿಯಾಗಲಾರದು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಅದೇ ರಾಜ್ಯದ ಕಾಂಟ್ರ ಕೋಸ್ಟ ಕೌಂಟಿಯ ಮತದಾರರು ಮಹಾಮಳಿಗೆಗಳ ಮೇಲೆ ಅಲ್ಲಿನ ಆಡಳಿತ ವಿಧಿಸಿದ್ದ ನಿರ್ಬಂಧವನ್ನು ರದ್ದುಪಡಿಸಿ ಕಂಪೆನಿಯ ಪಕ್ಷವನ್ನು ಗೆಲ್ಲಿಸಿದ್ದರು. ಅಲ್ಲಿ ಆಡಳಿತವು ಅಂಗಡಿಯನ್ನು ತಡೆದಿತ್ತು. ಇಲ್ಲಿ ಅಂಗಡಿಯು ಆಡಳಿತವನ್ನೇ ಬದಿಗೊತ್ತಲು ಹೊರಟಿತ್ತು. ಈ ಭೇದವನ್ನು ವಿರೋಧಿಗಳ ಕೂಟವು ಚೆನ್ನಾಗಿ ಗ್ರಹಿಸಿತು. ಮನೆಮನೆಗೆ ಹೋದ ಕಾರ್ಯಕರ್ತರು ಎತ್ತಿ ಹೇಳಿದ್ದು, ಇತರ ವ್ಯಾಪಾರಿಗಳೆಲ್ಲ ಪಾಲಿಸುವ ನಿಯಮಗಳಿಂದ ಈ ಒಬ್ಬ ವ್ಯಾಪಾರಿಗೆ ಮಾತ್ರ ವಿನಾಯಿತಿ ಏಕೆ ಎಂಬುದನ್ನು. ಅಗ್ಗದ ಅಂಗಡಿ ಬೇಕೆನ್ನುವವನಿಗೂ ಈ ಪ್ರಶ್ನೆಗೆ ಉತ್ತರ ಹೊಳೆಯುವುದು ಸುಲಭವಾಗಿರಲಿಲ್ಲ.

ಕಂಪೆನಿಯು ಪ್ರಚಾರಕ್ಕಾಗಿ ಹತ್ತು ಲಕ್ಷ ಡಾಲರುಗಳಿಗೂ ಹೆಚ್ಚು ಹಣವನ್ನು ವೆಚ್ಚ ಮಾಡಿತು. ಮತಗಳನ್ನು ಎಣಿಸಿದಾಗ ಯೋಜನೆಯ ಪರವಾಗಿ ೪,೫೭೫, ವಿರುದ್ಧವಾಗಿ ೭,೦೪೯ ಮತಗಳು ಬಂದಿದ್ದವು. ಎಂದರೆ ಶೇಕಡ ೬೦.೬ ಮಂದಿ ಅದನ್ನು ನಿರಾಕರಿಸಿದ್ದರು. ಮತ ನೀಡಿದವರು ಒಟ್ಟು ಹನ್ನೊಂದೂವರೆ ಸಾವಿರದಷ್ಟು ಮಾತ್ರ, ಅಂದರೆ ನಗರದ ಜನಸಂಖ್ಯೆಯ ಹತ್ತರಲ್ಲಿ ಒಂದು ಪಾಲು, ಎಂಬುದನ್ನೂ ಮರೆಯಬಾರದು. ‘ಜನಮತ’ ಎಂಬ ಮಾತನ್ನು ಬಳಸುವಾಗ ಇತಿಹಾಸದ ವಿದ್ಯಾರ್ಥಿಯು ಇಂಥ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆದರೂ ಈ ತೀರ್ಪಿನ ಪರಿಣಾಮ ನೆರೆಯ ನಗರಕ್ಕೂ ಮುಟ್ಟಿತು. ಅದೇ ವರ್ಷ ಲಾಸ್ ಏಂಜಲಿಸ್ ನಗರಸಭೆಯು, ಕೆಲವು ಪ್ರದೇಶಗಳಲ್ಲಿ ಮಹಾಮಳಿಗೆ ತೆರೆಯಬೇಕೆನ್ನುವವರು ಅದರ ಆರ್ಥಿಕ ಪರಿಣಾಮವನ್ನು ಕುರಿತ ವರದಿಯನ್ನು ಮೊದಲೇ ಒಪ್ಪಿಸಬೇಕೆಂದು ನಿಯಮ ಮಾಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದನ್ನು ಜನರ ವಿಜಯವೆಂದು ಬರೆದು ಮುಗಿಸಬಹುದಾಗಿತ್ತು. ಆದರೆ ನಂತರದ ಬೆಳವಣಿಗೆಗಳು ಅಷ್ಟು ನೇರವಾಗಿಲ್ಲ. ಸಾಕಷ್ಟು ಸಹಿಗಳಿರುವ ಕರಡನ್ನು ಮತಕ್ಕೆ ಹಾಕದೆ ನಗರಸಭೆಯೇ ಯಥಾವತ್ತಾಗಿ ಅಂಗೀಕರಿಸಲು ಕ್ಯಾಲಿಫೋರ್ನಿಯದ ಕಾನೂನಿನಲ್ಲಿ ಅವಕಾಶವಿದೆ. ಸೊನೋರ ಎಂಬ ಊರಿನಲ್ಲಿ ವಾಲ್‌ಮಾರ್ಟ್ ಮಳಿಗೆಯ ವಿಸ್ತರಣೆಗೆ ಹೀಗೆ ಅನುಮತಿ ಸಿಕ್ಕಿದಾಗ ವ್ಯಾಜ್ಯ ಹುಟ್ಟಿತು. ೨೦೧೪ರ ಆಗಸ್ಟಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಈ ರೀತಿ ಅಂಗೀಕೃತವಾದ ಜನೋಪಕ್ರಮಗಳಿಗೂ ಪರಿಸರ ಪರಿಶೀಲನೆ ಬೇಕಿಲ್ಲವೆಂದು ತೀರ್ಪಿತ್ತಿತು. ಇಂಗಲ್‌ವುಡ್ಡಿನ ಮತದಾರರು ೨೦೦೪ರಲ್ಲಿ ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಇನ್ನೊಂದು ಬಾಗಿಲು ಹೀಗೆ ತೆರೆದಂತಾಯಿತು.

ಆ ಅರವತ್ತು ಎಕರೆಗಳ ಗತಿಯೂ ಸ್ವಾರಸ್ಯಕರ. ೨೦೧೪ರಲ್ಲಿ ಆ ನೆಲವು ವಾಲ್‌ಮಾರ್ಟಿನಿಂದ ಸ್ಟ್ಯಾನ್ ಕ್ರಾಂಕಿ ಎಂಬ ಕ್ರೀಡೋದ್ಯಮಿಯ ಕೈಸೇರಿದ ಸುದ್ದಿ ಪ್ರಕಟವಾಯಿತು. ಅವರ ಪತ್ನಿ ವಾಲ್‌ಮಾರ್ಟ್ ಸ್ಥಾಪಕರಾದ ವಾಲ್ಟನ್ ಮನೆತನದವರು. ಪಕ್ಕದ ಕುದುರೆ ಪಂದ್ಯದ ಮೈದಾನ ೨೦೧೩ರಲ್ಲಿಯೇ ಮುಚ್ಚಿತ್ತು. ಎರಡೂ ನೆಲಗಳನ್ನು ಸೇರಿಸಿ ಬೃಹತ್ ಕ್ರೀಡಾಂಗಣ, ಅಂಗಡಿಗಳು, ಮನೆಗಳನ್ನು ಕಟ್ಟುವ ಯೋಜನೆಗೆ ಸಹಿಗಳನ್ನು ಕೂಡಿಸಲಾಯಿತು. ೨೦೧೫ರ ಫೆಬ್ರವರಿ ೨೪ರಂದು ನಗರಸಭೆಯ ಐವರು ಸದಸ್ಯರೂ ಒಮ್ಮತದಿಂದ ಅದನ್ನು ಅಂಗೀಕರಿಸಿದರು, ಮತದಾನ ನಡೆಯಲಿಲ್ಲ. ಸೋಫೈ ಎಂಬ ಹೆಸರಿನ ಆ ಕ್ರೀಡಾಂಗಣ ೨೦೨೦ರಲ್ಲಿ ತೆರೆಯಿತು.

ಹಾಗಾದರೆ ೨೦೦೪ರ ಹೋರಾಟ ವ್ಯರ್ಥವಾಯಿತೆ? ಹಾಗೆನ್ನಲಾಗದು. ಒಂದು ನಿಶ್ಚಿತ ಯೋಜನೆಯನ್ನು ಜನರು ಓದಿ, ಚರ್ಚಿಸಿ, ತಿಳಿದು ನಿರಾಕರಿಸಿದರೆಂಬುದು ನಿಜವಾಗಿಯೇ ಉಳಿಯುತ್ತದೆ. ಆದರೆ ಹಕ್ಕೊಂದನ್ನು ಸಂವಿಧಾನದಲ್ಲಿ ಬರೆದಿಟ್ಟ ಮಾತ್ರಕ್ಕೆ ಅದು ಬರೆದವರ ಉದ್ದೇಶಕ್ಕೇ ಸಲ್ಲುತ್ತದೆಂಬ ಭರವಸೆಯಿಲ್ಲ. ಸಹಿ ಕೂಡಿಸಲು ಹಣ ಬೇಕು, ಕರಡು ಬರೆಯಲು ವಕೀಲರು ಬೇಕು. ಇವೆರಡೂ ಉಳ್ಳವರಿಗೆ ಜನೋಪಕ್ರಮವು ಸುಲಭವಾಗಿ ಒಲಿಯುತ್ತದೆ. ಇಲ್ಲದವರಿಗೆ ಉಳಿಯುವುದು ಮತದಾನದ ದಿನ ಮಾತ್ರ. ಇಂಗಲ್‌ವುಡ್ಡಿನ ಪೌರರಿಗೆ ೨೦೦೪ರಲ್ಲಿ ಆ ದಿನ ದೊರೆತಿತ್ತು, ೨೦೧೫ರಲ್ಲಿ ದೊರೆಯಲಿಲ್ಲ. ರಾಜ್ಯಾಂಗದ ಇತಿಹಾಸವನ್ನು ಬೋಧಿಸುವ ನಾವು ಹಕ್ಕುಗಳ ಪಟ್ಟಿಯನ್ನು ಹೇಳಿಕೊಡುವುದರ ಜೊತೆಗೆ, ಅವು ಯಾರ ಕೈಯಲ್ಲಿ, ಯಾವ ಕಾಲದಲ್ಲಿ, ಹೇಗೆ ಪ್ರಯೋಗವಾದವೆಂಬುದನ್ನೂ ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು ಅಗತ್ಯ.