ತೊಟ್ಟಿಲಲ್ಲಿ ಒಂದೇ ಅಕ್ಷರ

ಡೊಂಬಿವಲಿಯ ನಮ್ಮ ಮನೆಯಲ್ಲಿ ಮೊಮ್ಮಗಳಿಗೆ ಹೆಸರು ಹುಡುಕುತ್ತಿದ್ದಾಗ ಸೊಸೆ ಕೇಳಿಕೊಂಡದ್ದು ಒಂದೇ: "ಮಾವಾ, ಒಂದೇ ಉಸಿರಿಗೆ ಕರೆಯುವ ಹಾಗಿರಲಿ." ಮನೆಯೊಳಗೆ ತುಳು, ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟು ಬಾಯಿಗಳಲ್ಲಿ ಮಗುವಿನ ಹೆಸರು ನುಜ್ಜಾಗಬಾರದೆಂಬುದು ಅವಳ ಆಸೆ.

ಇಲ್ಲಿನ ಕರ್ನಾಟಕ ಸಂಘ ನಡೆಸುವ ಮಂಜುನಾಥ ಶಾಲೆಯ ಗೇಟಿನ ಬಳಿ ಸಂಜೆ ನಿಂತು ತಾಯಂದಿರು ಮಕ್ಕಳನ್ನು ಕರೆಯುವುದನ್ನು ಕೇಳಿ. ಥಾಣೆಯಲ್ಲೂ ನೆರೂಲಿನಲ್ಲೂ ಕೇಳುವುದು ಅದೇ ರಿಯಾ, ದಿಯಾ, ಸಿಯಾ. ವಾರಿಜಾಕ್ಷಿ, ಜಲಜಾಕ್ಷಿಯರ ಮೊಮ್ಮಕ್ಕಳ ಹೆಸರು ಎರಡಕ್ಷರಕ್ಕೆ ಇಳಿದಿದೆ. ಅಲ್ಲಿಂದ ಒಂದಕ್ಷರಕ್ಕೆ ಇನ್ನೊಂದೇ ಮೆಟ್ಟಿಲು.

ಶಾಸ್ತ್ರದ ಅಡ್ಡಿಯೂ ಇಲ್ಲ. ಗಂಡು ಮಗುವಿಗೆ ಎರಡೋ ನಾಲ್ಕೋ ಅಕ್ಷರ, ಹೆಣ್ಣಿಗೆ ಬೆಸ ಸಂಖ್ಯೆಯ ಅಕ್ಷರ ಎನ್ನುತ್ತದೆ ಪಾರಸ್ಕರ ಗೃಹ್ಯಸೂತ್ರ. ಒಂದೂ ಬೆಸವೇ. ಹೆಣ್ಣಿನ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ದೀರ್ಘ ಸ್ವರದಲ್ಲಿ ಮುಗಿಯಬೇಕು ಎಂದು ಮನುಸ್ಮೃತಿಯೂ ಹೇಳುತ್ತದೆ.

ಅಡ್ಡಿ ಇರುವುದು ನಾಲಗೆಯಲ್ಲಿ. ಇಂಗ್ಲಿಷಿನ ರೋಸ್, ಗ್ರೇಸ್, ಪರ್ಲ್ ಒಂದೇ ಏಟಿಗೆ ಮುಗಿಯುವ ಹೆಸರುಗಳು. ಮಂಗಳೂರಿನ ಕ್ರೈಸ್ತ ಮನೆಗಳಲ್ಲೂ ಇವು ಹಳೆಯವು. ಉತ್ತರದಿಂದ ಬಂದ ನೂರ್, ಹೀರ್ ಕೂಡ ಹಾಗೆಯೇ. ಕನ್ನಡಕ್ಕೆ ಮಾತ್ರ ವ್ಯಂಜನದಲ್ಲಿ ಪದ ನಿಲ್ಲಿಸಿ ಅಭ್ಯಾಸವಿಲ್ಲ. ಬಸ್ಸನ್ನು 'ಬಸ್ಸು' ಮಾಡಿಕೊಂಡ ಬಾಯಿ ನಮ್ಮದು. ಬೆಳಕು ಎಂಬರ್ಥದ ನೂರ್ ಊರಿನ ಅಜ್ಜಿಯ ಬಾಯಲ್ಲಿ 'ನೂರು' ಆಗುತ್ತದೆ, ಜೇನ್ 'ಜೇನು' ಆಗುತ್ತದೆ. ಜೇನು ಅಂತ ಕರೆಸಿಕೊಳ್ಳುವ ಹುಡುಗಿ ಪುಣ್ಯವಂತೆ ಅಂತಲೇ ನನಗನಿಸುತ್ತದೆ.

ನನ್ನ ಮನಸ್ಸು ಮೊದಲು ಹೋದದ್ದು ಅಜ್ಜಿ ಹೊನ್ನಮ್ಮನ ಕಡೆಗೆ. ಆ ಹೆಸರನ್ನು 'ಹೊನ್ನು' ಎಂದು ಕಿರಿದು ಮಾಡೋಣವೆಂದೆ. ಆದರೆ ಮರಾಠಿ ಬರೆಯುವ ದೇವನಾಗರಿಯಲ್ಲಿ ಹ್ರಸ್ವ 'ಒ' ಇಲ್ಲ. ಮಗು ಜೀವನವಿಡೀ 'ಹೋನ್ನು' ಆಗಿರಬೇಕಾಗುತ್ತಿತ್ತು. ಅಜ್ಜಿಯ ಹೆಸರಿಗೆ ಆ ಗತಿ ತರಲು ಮನಸ್ಸಾಗಲಿಲ್ಲ.

ಕೊನೆಗೆ ಉಳಿದದ್ದು ಶ್ರೀ. ಲಕ್ಷ್ಮಿಯ ಹೆಸರು, ಲೆಕ್ಕದ ಪುಸ್ತಕದ ನೆತ್ತಿಯ ಮೇಲಿನ ಅಕ್ಷರ, ಬಿ.ಎಂ. ಶ್ರೀಕಂಠಯ್ಯನವರ ಕಾವ್ಯನಾಮ. ಛಂದಸ್ಸಿನಲ್ಲಿ ಪಾದಕ್ಕೊಂದೇ ಗುರು ಇರುವ, ಎಲ್ಲಕ್ಕಿಂತ ಚಿಕ್ಕ ವೃತ್ತದ ಹೆಸರೂ ಶ್ರೀಯೇ.

ಮನೆಯಲ್ಲಿ ಎಲ್ಲರೂ ಒಪ್ಪಿದರು, ಮಗ ಒಬ್ಬನನ್ನು ಬಿಟ್ಟು. ಅವನು ಒಂದು ಕಾಗದದ ಮೇಲೆ ದೇವನಾಗರಿಯಲ್ಲಿ ಬರೆದು ತೋರಿಸಿದ. ಮಹಾರಾಷ್ಟ್ರದ ರೂಢಿಯಲ್ಲಿ ಸ್ವಂತ ಹೆಸರಿನ ಪಕ್ಕ ತಂದೆಯ ಹೆಸರು, ಆಮೇಲೆ ಮನೆತನದ ಹೆಸರು. ಶ್ರೀ ರಮೇಶ್ ಪೂಜಾರಿ ಎಂದು ಬರೆದರೆ ಓದುವವರಿಗೆ ಕಾಣುವುದು ಒಬ್ಬ ಗಂಡಸು, ಅವಳ ಅಪ್ಪ. ಮಗಳು ಮಾಯ! ಶ್ರಿಯಾ, ಶ್ರೀಶಾ ಎಂದು ಇನ್ನೊಂದಕ್ಷರ ಸೇರಿಸಿದರೆ ಈ ತೊಡಕು ಇರುವುದಿಲ್ಲ.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರಿಗೆ ಅಷ್ಟು ಅವಸರವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಅದನ್ನು ಆಮೇಲೆ ಸೇರಿಸಬಹುದು, ವರ್ಷದೊಳಗಾದರೆ ಶುಲ್ಕವೂ ಇಲ್ಲ. ಹಾಗಾಗಿ ವಾದಕ್ಕೆ ಬಿಡುವಿತ್ತು.

ಉತ್ತರ ಕೊಟ್ಟದ್ದು ಸೊಸೆ. 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರನ್ನೂ ಬರೆಯಬೇಕೆಂದು ಮಹಾರಾಷ್ಟ್ರ ಸರ್ಕಾರ ಕಡ್ಡಾಯ ಮಾಡಿದೆ. ಮೊದಲು ಮಗುವಿನದು, ನಂತರ ತಾಯಿಯದು, ಆಮೇಲೆ ತಂದೆಯದು, ಕೊನೆಗೆ ಮನೆತನದ್ದು. ನಮ್ಮ ಮಗು ಹುಟ್ಟಿದ್ದು ಆ ದಿನದ ನಂತರ. ಅದೇ ಕಾಗದದಲ್ಲಿ ಅವಳು ಕೆಳಗೆ ಬರೆದಳು: ಶ್ರೀ ಅಶ್ವಿನಿ ರಮೇಶ್ ಪೂಜಾರಿ. ಅಪ್ಪನ ಹೆಸರಿನಲ್ಲಿ ಕರಗಿಹೋಗುತ್ತಿದ್ದ ಅಕ್ಷರವನ್ನು ಅಮ್ಮನ ಹೆಸರು ಹಿಡಿದು ನಿಲ್ಲಿಸಿತ್ತು. ಮಗ ಮರುಮಾತಾಡಲಿಲ್ಲ.

ಮರಾಠಿ ಮನೆಗಳ ನಾಮಕರಣ ಬಾರಸೆಯಲ್ಲಿ ಆತ್ಯಾ ಮಾಡುವಂತೆ, ನಮ್ಮಲ್ಲೂ ಸೋದರತ್ತೆಯೇ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಹೆಸರು ಉಸುರಿದಳು. ಕ್ಷಣದಲ್ಲಿ ಮುಗಿಯಿತು.

ಈಗ ಸಂಜೆ ಮೊಮ್ಮಗಳನ್ನು ಕಟ್ಟಡದ ಅಂಗಳದಲ್ಲಿ ಆಡಿಸುತ್ತೇನೆ. ದೂರದವರನ್ನು ಕೂಗುವಾಗ ದೀರ್ಘವನ್ನೂ ಮೀರಿ ಎಳೆಯುವ ಸ್ವರಕ್ಕೆ ಪ್ಲುತ ಎಂದು ಶಾಲೆಯಲ್ಲಿ ಕಲಿತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಮೂರನೇ ಮಹಡಿಯಿಂದ ಅವಳಮ್ಮ ಕೂಗುತ್ತಾಳೆ, "ಶ್ರೀ...ಽಽ". ಮಗು ಕತ್ತೆತ್ತಿ ನೋಡುತ್ತದೆ.