ಪಿಡಿಎಫ್‌ನಲ್ಲಿ ಹಸಿರು ಟಿಕ್ ಇದ್ದರೆ ಇಸಿ ಅಸಲಿಯೇ? ಅಡ್ವಾನ್ಸ್ ಕೊಡುವ ಮೊದಲು ಓದಿ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಸೈಟು ನೋಡುತ್ತಿದ್ದೀರಾ? ಹಾಗಾದರೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದರಲ್ಲಿ ಹಸಿರು ಟಿಕ್ ಕಂಡರೆ ‘ಅಸಲಿ’, ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ‘ನಕಲಿ’ ಎಂದು ಹಲವರು ನಂಬುತ್ತಾರೆ. ಎರಡೂ ತಪ್ಪು.

ಡಿಜಿಟಲ್ ಸಹಿ ಎಂದರೇನು?

ಇದೊಂದು ಲೆಕ್ಕಾಚಾರ. ಕಂಪ್ಯೂಟರ್ ಮೊದಲು ಇಡೀ ಕಡತದಿಂದ ‘ಹ್ಯಾಶ್’ ಎಂಬ ಸಂಖ್ಯೆಯನ್ನು ತೆಗೆಯುತ್ತದೆ. 12 ಗುಂಟೆ ಎಂದಿರುವುದನ್ನು 21 ಗುಂಟೆ ಮಾಡಿದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಅಧಿಕಾರಿಯ ಬಳಿ ಮಾತ್ರ ಇರುವ ಖಾಸಗಿ ಕೀ ಬಳಸಿ ಆ ಹ್ಯಾಶ್‌ಗೆ ಸಹಿ ಹಾಕಲಾಗುತ್ತದೆ. ಎಲ್ಲರಿಗೂ ಸಿಗುವ ಸಾರ್ವಜನಿಕ ಕೀ ಬಳಸಿ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಭಾರತದಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ.

ಹಳದಿ ಪ್ರಶ್ನಾರ್ಥಕ ಚಿಹ್ನೆ ಏಕೆ?

‘ಸಹಿ ಹಾಕಿದವರು ಯಾರೆಂದು ನನಗೆ ಖಚಿತವಿಲ್ಲ’ ಎಂದು ತಂತ್ರಾಂಶ ಹೇಳುತ್ತಿದೆ, ಅಷ್ಟೆ. ಭಾರತದ ಸಹಿಗಳಿಗೆ ಮೂಲವಾದ ಸಿಸಿಎ ಸಂಸ್ಥೆಯ ಪ್ರಮಾಣಪತ್ರ ಆ ತಂತ್ರಾಂಶದ ಪಟ್ಟಿಯಲ್ಲಿ ಇರದಿದ್ದರೆ ಹೀಗಾಗುತ್ತದೆ. ಅಸಲಿ ಇ-ಆಧಾರ್‌ನಲ್ಲೂ ಇದು ಕಾಣಿಸುತ್ತದೆ.

ಹಸಿರು ಟಿಕ್ ಮೋಸ ಮಾಡಬಹುದೇ?

ಮಾಡಬಹುದು.

- ಟಿಕ್ ಬರೀ ಚಿತ್ರವಾಗಿರಬಹುದು. ಸ್ಕ್ರೀನ್‌ಶಾಟ್, ಜೆರಾಕ್ಸ್‌ಗಳಲ್ಲಿ ಪರೀಕ್ಷಿಸಲು ಸಹಿಯೇ ಉಳಿದಿರುವುದಿಲ್ಲ.
- ಅಧಿಕಾರಿಯ ಹೆಸರಿನಲ್ಲಿ ಯಾರು ಬೇಕಾದರೂ ಸ್ವಂತ ಪ್ರಮಾಣಪತ್ರ ಮಾಡಿಕೊಳ್ಳಬಹುದು. ‘ನಂಬಿಕಸ್ಥರ ಪಟ್ಟಿಗೆ ಸೇರಿಸಿ, ಹಸಿರಾಗುತ್ತದೆ’ ಎಂಬ ಬ್ರೋಕರ್ ಮಾತು ಕೇಳಿ ನೀವೇ ಅದನ್ನು ಸೇರಿಸಿದರೆ ನಕಲಿಯೂ ಹಸಿರಾಗುತ್ತದೆ.
- ತಂತ್ರಾಂಶದಲ್ಲೇ ದೋಷವಿರಬಹುದು. 2019ರಲ್ಲಿ ಜರ್ಮನಿಯ ಬೋಹುಮ್ ವಿಶ್ವವಿದ್ಯಾಲಯದ ಸಂಶೋಧಕರು 22 ಪಿಡಿಎಫ್ ತಂತ್ರಾಂಶಗಳನ್ನು ಪರೀಕ್ಷಿಸಿ, 21ನ್ನು ವಂಚಿಸಬಹುದು ಎಂದು ತೋರಿಸಿದರು.
- ಹ್ಯಾಶ್ ವಿಧಾನ ಹಳತಾಗಿರಬಹುದು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯೂಐ ಸಂಶೋಧಕರು ಬೇರೆ ಬೇರೆಯಾಗಿ ಕಾಣುವ ಎರಡು ಪಿಡಿಎಫ್‌ಗಳಿಗೆ ಒಂದೇ ಎಸ್‌ಎಚ್‌ಎ-1 ಹ್ಯಾಶ್ ಬರುವಂತೆ ಮಾಡಿದರು. ಈಗ ಎಸ್‌ಎಚ್‌ಎ-256ನಂಥ ಬಲವಾದ ವಿಧಾನಗಳಿವೆ.

ಸಹಿ ಅಸಲಿಯಾದರೆ ಸಾಕೇ?

ಸಾಲದು. ಕಡತ ತಿದ್ದಿಲ್ಲ, ಸಹಿ ಇಂಥವರದ್ದು ಎಂಬುದಷ್ಟೇ ಸಹಿಯಿಂದ ತಿಳಿಯುತ್ತದೆ. ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಇಸಿಯಲ್ಲಿರುತ್ತವೆ. ಜಮೀನು ಆಮೇಲೆ ಮಾರಾಟವಾಗಿದ್ದರೂ ಹಳೆಯ ಇಸಿಯ ಸಹಿ ಸರಿಯಾಗಿಯೇ ಇರುತ್ತದೆ.

ಏನು ಮಾಡಬೇಕು?

1. ಫಾರ್ವರ್ಡ್ ಆಗಿ ಬಂದ ಇಸಿ ನಂಬಬೇಡಿ. ‘ಕಾವೇರಿ’ ಜಾಲತಾಣದಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಸದಾಗಿ ನೀವೇ ಪಡೆಯಿರಿ.
2. ಕೃಷಿ ಜಮೀನಾದರೆ ‘ಭೂಮಿ’ ಜಾಲತಾಣದಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿ ಪಹಣಿ ನೋಡಿ.
3. ಸಹಿ ಪರೀಕ್ಷಿಸಲು ಮೂಲ ಕಡತವನ್ನೇ ಕಂಪ್ಯೂಟರ್‌ನಲ್ಲಿ, ಅಪ್‌ಡೇಟ್ ಆದ ತಂತ್ರಾಂಶದಲ್ಲಿ ತೆರೆಯಿರಿ. ಸಹಿಯ ಮೇಲೆ ಕ್ಲಿಕ್ ಮಾಡಿ, ಪ್ರಮಾಣಪತ್ರದ ಮೂಲ ‘ಸಿಸಿಎ ಇಂಡಿಯಾ’ ಹೌದೇ ಎಂದು ನೋಡಿ.

ತೀರ್ಮಾನ: ಹಸಿರು ಟಿಕ್ ಒಂದನ್ನೇ ನೋಡಿ ಇಸಿ ಅಸಲಿ ಎನ್ನಲಾಗದು, ಹಳದಿ ಚಿಹ್ನೆ ಇದೆ ಎಂದ ಮಾತ್ರಕ್ಕೆ ನಕಲಿ ಎನ್ನುವಂತೆಯೂ ಇಲ್ಲ. ದಾಖಲೆಯನ್ನು ನೀವೇ ತೆಗೆದು ನೋಡಿದ ಮೇಲೆ ಅಡ್ವಾನ್ಸ್ ಕೊಡಿ.